ನನ್ನ ಕೂದಲಿನ ವೀಸಾ

ಈಗ ನನ್ನ ತಲೆಯ ಮೇಲೆ ನೊಣ ಕೂತರೂ ಜಾರಿ ಬೀಳುತ್ತದೆ, ನಿಜ. ಆದರೆ ತೊಂಬತ್ತರ ದಶಕದಲ್ಲಿ ಅಬುಧಾಬಿ ಹತ್ತಿರದ ಮುಸಫ್ಫಾದ ನಮ್ಮ ಇಡೀ ಲೇಬರ್ ಕ್ಯಾಂಪಿನಲ್ಲಿ ಜಡೆ ಹೆಣೆಯುವಷ್ಟು ಕೂದಲಿದ್ದ ಗಂಡಸು ನಾನೊಬ್ಬನೇ. ನಂಬದವರು ಮುಂದೆ ಓದಬೇಕಾಗಿಲ್ಲ. ನಂಬಿದವರೂ ಪೂರ್ತಿ ನಂಬಬೇಡಿ.

ನಾನು ಅಲ್ಲಿ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್. ನನ್ನ ಮೇಲಿನ ಮಂಚದಲ್ಲಿ ಮಲಗುತ್ತಿದ್ದವನು ಅದೇ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದ, ನನ್ನ ಹಾಗೇ ಉಡುಪಿ ಕಡೆಯವನು. ವರ್ಷಕ್ಕೊಮ್ಮೆ ನಮ್ಮ ಕಡೆಯವರೆಲ್ಲ ದುಬೈಯಲ್ಲಿ ಸೇರಿ ಯಕ್ಷಗಾನ ಆಡುತ್ತಿದ್ದೆವು. ರಾಣಿಯ ವೇಷ ಯಾವಾಗಲೂ ಅವನದೇ. ನೈಲಾನ್ ವಿಗ್ಗು ಕಟ್ಟಿ ಸೊಂಟ ಬಳುಕಿಸಿದನೆಂದರೆ ಮುಂದಿನ ಸಾಲಿನ ಹೆಂಗಸರೇ ನಾಚಬೇಕು. ನನಗೆ ಸಿಗುತ್ತಿದ್ದದ್ದು ಕಾವಲುಗಾರನ ಪಾತ್ರ. ಹೊಟ್ಟೆಕಿಚ್ಚಾಗದೆ ಇರುತ್ತದೆಯೇ?

ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇ ಬಿಟ್ಟೆ.

“ನೈಲಾನ್ ಕಟ್ಟಿಕೊಂಡ್ರೆ ಯಾರು ಬೇಕಾದ್ರೂ ರಾಣಿ ಆಗ್ತಾರೆ ಮಾರಾಯ. ನನ್ನ ಅಮ್ಮ, ಅಕ್ಕ ಇಬ್ರ ಜಡೆಯೂ ಮೊಣಕಾಲು ಮುಟ್ತದೆ. ನಮ್ಮದು ಕೂದಲಿನ ಮನೆತನ. ಮನಸ್ಸು ಮಾಡಿದ್ರೆ ಸ್ವಂತ ಜಡೆಯಲ್ಲೇ ವೇಷ ಮಾಡಿಯೇನು.”

“ನಿನ್ನ ನಾಲಿಗೆ ಬೆಳೆದಷ್ಟು ಬೇಗ ಕೂದಲು ಬೆಳಿಯೂದಿಲ್ಲ.”

“ಬೆಳೆಸಿದ್ರೆ?”

“ಸೊಂಟ ಮುಟ್ಟಿಸು, ರಾಣಿ ನೀನು. ಮೂರು ವರ್ಷ ಟೈಮ್. ಮುಟ್ಲಿಲ್ಲ ಅಂದ್ರೆ ಜನ್ಮದಲ್ಲಿ ಆ ವೇಷದ ಹೆಸರೆತ್ತಬಾರದು.”

ಕೋಣೆಯ ಅಷ್ಟೂ ಜನ ಸಾಕ್ಷಿ.

ಅಲ್ಲಿಂದ ನನ್ನ ತಲೆಗೆ ನಡೆದ ಸೇವೆ ಯಾವ ದೇವರಿಗೂ ನಡೆದಿರಲಿಕ್ಕಿಲ್ಲ. ಊರಿನ ತೆಂಗಿನೆಣ್ಣೆ, ನೆನೆಹಾಕಿ ಅರೆದ ಮೆಂತ್ಯ. ದಾಸವಾಳದ ಎಲೆಯನ್ನು ಅಬುಧಾಬಿಯ ಒಂದು ಪಾರ್ಕಿನ ಬೇಲಿಯಿಂದ ಕದ್ದು ತರುತ್ತಿದ್ದೆ. ತೋಟದವನು ಹಿಡಿದಾಗ “ದವಾಯಿ, ಭಾಯ್, ದವಾಯಿ” ಎಂದು ತಲೆ ತೋರಿಸಿದೆ. ತಲೆ ಕೆಟ್ಟಿದೆ ಎಂದುಕೊಂಡು ಪಾಪ ಬಿಟ್ಟುಬಿಟ್ಟ. ಟ್ಯಾಂಕಿನ ನೀರಿಗೆ ಕೂದಲುದುರುತ್ತದೆ ಎಂದು ಗಲ್ಫಿನಲ್ಲಿ ಹೇಳದವರಿಲ್ಲವಲ್ಲ, ಅದಕ್ಕೆ ಕುಡಿಯಲು ತಂದ ಬಾಟಲಿ ನೀರಿನದೇ ತಲೆಸ್ನಾನದ ಕೊನೆಯ ತಂಬಿಗೆ. ಕೋಣೆಯವರು ಬಾಯಾರಿ ಬೈಯುತ್ತಿದ್ದರು. ಫೋರ್‌ಮನ್ ಮಾತ್ರ ಹೆಲ್ಮೆಟ್ ತೆಗೆಸಿ ಒಳಗೆ ಹಕ್ಕಿ ಇದೆಯೋ ಎಂದು ನೋಡುತ್ತಿದ್ದ.

ತಿಂಗಳ ಮೊದಲ ಶುಕ್ರವಾರ, ರಜೆಯ ದಿನ, ನನ್ನ ಎದುರಾಳಿ ಸ್ಟೀಲ್ ಟೇಪ್ ಹಿಡಿದು ಅಳೆಯುತ್ತಿದ್ದ. ಎರಡು ವರ್ಷ ಕೂದಲು ಹೇಳಿದ ಮಾತು ಕೇಳಿತು. ಭುಜ ದಾಟಿ ನಾಲ್ಕು ಬೆರಳು ಕೆಳಗಿಳಿಯಿತು. ಅಲ್ಲಿಗೆ ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಆರು ತಿಂಗಳು, ಉಹುಂ. ಅಳೆಯುವಾಗ ಗದ್ದ ಮೇಲೆತ್ತಿ ತಲೆಯನ್ನು ಹಿಂದಕ್ಕೆ ವಾಲಿಸಿದರೆ ಎರಡು ಇಂಚು ಪುಕ್ಕಟೆ ಸಿಗುತ್ತದೆ ಎಂದು ಕಂಡುಹಿಡಿದವನು ನಾನೇ. ಆದರೆ ಎಷ್ಟೆಂದು ವಾಲುವುದು? ಕೊನೆಕೊನೆಗೆ ಅಳತೆ ಮುಗಿಯುವಷ್ಟರಲ್ಲಿ ನನಗೆ ಸೀಲಿಂಗ್ ಫ್ಯಾನ್ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಕ್ಯಾಂಪಿನ ಗೇಟಿನೆದುರು ಭಟ್ಕಳದ ಸಾಹೇಬರೊಬ್ಬರ ಅಂಗಡಿಯಿತ್ತು. ಅಮ್ಮ, ಅಕ್ಕನ ಜಡೆಯ ಕತೆಯನ್ನೆಲ್ಲ ಹೇಳಿ, ಇನ್ನೂ ಜೋರಿನ ಎಣ್ಣೆ ಇದ್ದರೆ ಕೊಡಿ ಎಂದೆ. ಅವರು ನನ್ನ ಅಂಗಿಯ ಮೇಲೆ ಬಿದ್ದಿದ್ದ ಕೂದಲೊಂದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು.

“ಬುಡದಲ್ಲಿ ಸಣ್ಣ ಬಿಳೀ ಗುಂಡು ಕಾಣ್ತದಾ? ಇದು ಮುರಿದದ್ದಲ್ಲ, ಟೈಮ್ ಮುಗಿಸಿ ಹೋದದ್ದು. ಕೂದಲಿಗೂ ನಮ್ಮ ಹಾಗೇ ವೀಸಾ ಮಾರಾಯ್ರೆ. ನಿಮ್ಮ ಅಕ್ಕನ ಕೂದಲಿಗೆ ಆರೇಳು ವರ್ಷದ್ದು ಸಿಕ್ಕಿದೆ, ಬೆಳೀತಾ ಹೋಗ್ತದೆ. ನಿಮ್ಮದಕ್ಕೆ ಎರಡೋ ಎರಡೂವರೆಯೋ. ಮುಗೀತು, ಖಲಾಸ್, ಎಕ್ಸಿಟ್.”

“ಎಣ್ಣೆ ಹಾಕಿದ್ರೆ ರಿನ್ಯೂ ಆಗೂದಿಲ್ವಾ?”

“ಎಣ್ಣೆ ಹಾಕಿದ್ರೆ ಇದ್ದಷ್ಟು ದಿವಸ ಗಟ್ಟಿಯಾಗಿ ಇರ್ತದೆ, ಅರ್ಧದಲ್ಲಿ ಮುರಿಯೂದಿಲ್ಲ. ಅಷ್ಟೇ. ವೀಸಾ ಕೊಡೂದು ಹೆತ್ತವರು. ನಿಮ್ಮ ತಂದೆಯವರ ಕೂದಲು ಹೇಗಿತ್ತು?”

ಆಗ ನೆನಪಾಯಿತು ನೋಡಿ ಅಪ್ಪನ ಜುಟ್ಟು! ಅಪ್ಪ ಜನ್ಮದಲ್ಲಿ ಜುಟ್ಟಿಗೆ ಕತ್ತರಿ ತಾಗಿಸಿದವರಲ್ಲ. ಆದರೂ ಅದು ಎಂದೂ ಭುಜದಿಂದ ನಾಲ್ಕು ಬೆರಳು ಕೆಳಗೆ ಇಳಿದದ್ದಿಲ್ಲ. ಅಮ್ಮನ ಕಡೆಯ ಸಂಪತ್ತೆಲ್ಲ ಅಕ್ಕನ ಪಾಲಾಗಿ, ನನಗೆ ಬಂದದ್ದು ಅಪ್ಪನ ಜುಟ್ಟು.

ಆದರೆ ಸೋಲುವ ಜಾತಿ ನನ್ನದಲ್ಲ. ಅಕ್ಕ ಬಾಚುವಾಗ ಉದುರಿದ ಕೂದಲನ್ನು ಎಸೆಯದೆ ಸುತ್ತಿಟ್ಟು, ಅದರಲ್ಲೇ ಚೌರಿ ಕಟ್ಟಿಸಿಟ್ಟುಕೊಂಡಿದ್ದಳು. ಅದನ್ನು ಹಪ್ಪಳದ ಡಬ್ಬಿಯ ತಳದಲ್ಲಿಟ್ಟು ಕಳಿಸು ಎಂದು ಕಾಗದ ಬರೆದೆ. ತರುವವರು ಯಾರು? ನನ್ನ ಎದುರಾಳಿಯೇ ಎರಡು ತಿಂಗಳ ರಜೆಗೆ ಊರಿಗೆ ಹೊರಟಿದ್ದ. ಅವನ ಸೋಲನ್ನು ಅವನ ಕೈಯಲ್ಲೇ ಹೊರಿಸಿ ತರಿಸುವುದಕ್ಕಿಂತ ದೊಡ್ಡ ಮಜಾ ಉಂಟೇ?

ಅವನು ಡಬ್ಬಿ ತಂದುಕೊಟ್ಟ. ತಳದಲ್ಲಿ ಚೌರಿ, ಜೊತೆಗೆ ಅಕ್ಕನ ಚೀಟಿ: “ಐದು ವರ್ಷದ ಕೂದಲು. ಎಣ್ಣೆ ಹಚ್ಚಿಡು. ಉಳಿದದ್ದನ್ನು ನಿನ್ನ ಬುದ್ಧಿಗೂ ಹಚ್ಚು.”

ಮೊದಲ ಶುಕ್ರವಾರ ಚೌರಿ ಸೇರಿಸಿ ಬಿಗಿಯಾಗಿ ಜಡೆ ಹೆಣೆದು ನಿಂತೆ. ಈ ಎರಡು ತಿಂಗಳು ಕಣ್ಣು ಬೀಳಬಾರದೆಂದು ಟೋಪಿಯೊಳಗೆ ಅಡಗಿಸಿಟ್ಟಿದ್ದೆ ಎಂದು ಕತೆ ಕಟ್ಟಿದೆ. ಅವನು ಟೇಪ್ ಹಿಡಿದ.

“ಸೊಂಟ ಮುಟ್ಟಿತು. ಸೋತೆ ಮಾರಾಯ. ರಾಣಿ ನೀನು, ರಾಕ್ಷಸ ನಾನು.”

ಅಷ್ಟು ಸುಲಭವಾಗಿ ಸೋತನಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಜಂಬದಲ್ಲಿ ಹೊಳೆಯಲಿಲ್ಲ.

ಆ ವರ್ಷದ ಪ್ರಸಂಗದಲ್ಲಿ ರಾಕ್ಷಸ ರಾಣಿಯ ಜಡೆ ಹಿಡಿದು ಎಳೆದೊಯ್ಯಬೇಕು. ದುಬೈಯ ಒಂದು ಶಾಲೆಯ ಸಭಾಂಗಣ, ಶುಕ್ರವಾರ ಸಂಜೆ, ಜನ ಕಿಕ್ಕಿರಿದಿದ್ದರು. ಸ್ವಂತ ಜಡೆಯಂತೆ ಎಂಬ ಸುದ್ದಿ ಸಭೆಯಲ್ಲೆಲ್ಲ ಹಬ್ಬಿತ್ತು. ನಾನು ಬೆನ್ನು ತಿರುಗಿಸಿದಾಗೆಲ್ಲ ಚಪ್ಪಾಳೆ. ಚೆಂಡೆ ಏರಿತು. ರಾಕ್ಷಸ ಹಾರಿ ಬಂದು ಜಡೆಯ ತುದಿ ಹಿಡಿದ. ನನ್ನ ಕಿವಿಯ ಹತ್ತಿರ ಬಾಗಿ ಮೆತ್ತಗೆ ಹೇಳಿದ:

“ಹಪ್ಪಳ ಲಾಯ್ಕಿತ್ತು ಮಾರಾಯ. ಅಕ್ಕನ ಅಕ್ಷರವೂ ಲಾಯ್ಕುಂಟು.”

ಗಲ್ಫಿಗೆ ಹೊರಟವನು ಇನ್ನೊಬ್ಬರ ಡಬ್ಬಿಯನ್ನು ಬಿಚ್ಚಿ ನೋಡದೆ ಪೆಟ್ಟಿಗೆಗೆ ಹಾಕುತ್ತಾನೆಯೇ? ನಾನೂ ಹಾಗೆ ಹಾಕಿದವನಲ್ಲ. ಮರೆತಿದ್ದೆ.

ಒಂದು ಎಳೆತ ಸಾಕಿತ್ತು, ಚೌರಿ ಅವನ ಕೈಯಲ್ಲಿ, ನನ್ನ ಮಾನ ಮುಂದಿನ ಸಾಲಿನಲ್ಲಿ. ಕಣ್ಣು ಮುಚ್ಚಿಕೊಂಡೆ. ಅವನ ಕೈ ತುದಿಯನ್ನು ಬಿಟ್ಟು ಮೇಲೇರಿತು, ಚೌರಿಯ ಗಂಟನ್ನೂ ದಾಟಿ ಮೇಲೇರಿತು. ಅಪ್ಪ ಕೊಟ್ಟ ಅಸಲಿ ಕೂದಲನ್ನೇ ಮುಷ್ಟಿಯಲ್ಲಿ ಹಿಡಿದು, ರಂಗಸ್ಥಳದ ಈ ತುದಿಯಿಂದ ಆ ತುದಿಗೆ ಮೂರು ಸುತ್ತು ಎಳೆದ.

“ಅಯ್ಯೋ ಅಮ್ಮಾ!” ಎಂದು ನಾನು ಕಿರುಚಿದ್ದಕ್ಕೆ ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರಿಲ್ಲ. ಅಂಥ ಅಭಿನಯವನ್ನು ಗಲ್ಫಿನಲ್ಲಿ ನೋಡಿರಲೇ ಇಲ್ಲ ಎಂದು ಎಲ್ಲರ ಬಾಯಲ್ಲೂ ಮಾತು.

ಚೌಕಿಯಲ್ಲಿ ಬಣ್ಣ ತೆಗೆಯುವಾಗ ಅವನು ತನ್ನ ಅಂಗೈ ಬಿಡಿಸಿ ತೋರಿಸಿದ. ಒಂದೇ ಒಂದು ಕೂದಲೂ ಬಂದಿರಲಿಲ್ಲ.

“ಎಣ್ಣೆ ದಂಡ ಆಗ್ಲಿಲ್ಲ. ಉದ್ದ ಅಕ್ಕನದ್ದು, ಗಟ್ಟಿ ನಿಂದು.”

“ಯಾರಿಗೂ ಹೇಳ್ಬೇಡ ಮಾರಾಯ.”

“ಹೇಳೂದಿಲ್ಲ. ಬರುವ ವರ್ಷ ಆ ಚೌರಿ ನನಗೆ.”

ಕೊಟ್ಟೆ. ಮರುವರ್ಷ ಅದೇ ಪ್ರಸಂಗ, ರಾಣಿ ಅವನು, ರಾಕ್ಷಸ ನಾನು. ಚೌಕಿಯಲ್ಲಿ ಅವನ ತಲೆಗೆ ಚೌರಿ ಕಟ್ಟಿದವನೂ ನಾನೇ. ಸ್ವಲ್ಪ ಸಡಿಲವಾಗಿ.