ಮ್ಯಾಗ್ನೆಟ್ಟಿಗೆ ಸಿಗದ ಕಬ್ಬಿಣ

ಆ ದಿನ ಬೆಳಿಗ್ಗೆ ಮಾಡಿದ ಕೆಲಸ ಇಷ್ಟು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು, ಹಾಲು ಕಾಯಿಸಿದ್ದು, ಹಿತ್ತಲ ಮರದ ನುಗ್ಗೆಸೊಪ್ಪು ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಅತ್ತೆಗೆ ಮಧ್ಯಾಹ್ನದ ಊಟ ಮುಚ್ಚಿಟ್ಟದ್ದು, ನಮ್ಮ ಮನೆಯವರ ಮಾತ್ರೆಗಳನ್ನು ಕೈಚೀಲಕ್ಕೆ ಹಾಕಿಕೊಂಡದ್ದು, ಅಡುಗೆಮನೆ ಕಪಾಟಿನ ಬಾಗಿಲನ್ನು ದಾರದಿಂದ ಕಟ್ಟಿದ್ದು. ಆ ಬಾಗಿಲನ್ನು ಹಿಡಿದಿಡುತ್ತಿದ್ದ ಪುಟ್ಟ ಮ್ಯಾಗ್ನೆಟ್ಟನ್ನು ನಮ್ಮ ಮನೆಯವರು ಕೆಲವು ದಿನದ ಹಿಂದೆ ಬಿಚ್ಚಿದ್ದರು. ಕೇಳಿದ್ದಕ್ಕೆ ಹಳೇದಾಯ್ತು ಅಂದಿದ್ದರು. ನಾನೂ ನಂಬಿದ್ದೆ.

ಹೊಸೂರಿನ ಪಕ್ಕದ ನಮ್ಮ ಬಾಗಲೂರಿನಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಆಸ್ಪತ್ರೆಗೆ ಹೊರಟೆವು. ಹಿಂದಿನ ವರ್ಷ ಅವರಿಗೆ ಹಾರ್ಟ್ ಅಟ್ಯಾಕ್ ಆಗಿ ಹೃದಯದ ಒಂದು ಭಾಗ ಸೋತುಹೋಗಿತ್ತು. ಸ್ನಾನದ ಮನೆಗೆ ಒಂದು ಬಿಂದಿಗೆ ನೀರು ಒಯ್ದರೂ ಗೋಡೆ ಹಿಡಿದು ನಿಲ್ಲುವಂತಾಗಿತ್ತು. ಅಲ್ಲಿನ ಡಾಕ್ಟರಮ್ಮ ಹೊಸದೊಂದು ಚಿಕಿತ್ಸೆಯನ್ನು ಪರೀಕ್ಷೆ ಮಾಡುತ್ತಿದ್ದರು. ಸೊಂಟದ ಮೂಳೆಯಿಂದ ಮೂಲಕೋಶಗಳನ್ನು ತೆಗೆದು, ಹೃದಯದ ಸೋತ ಭಾಗಕ್ಕೆ ಬಿಡುವುದು. ಬಿಡುವ ಮುಂಚೆ ಆ ಕೋಶಗಳೊಳಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣ ಸೇರಿಸುತ್ತಾರೆ. ದೊಡ್ಡ ಮ್ಯಾಗ್ನೆಟ್ಟಿರುವ ಎಂಆರ್‌ಐ ಮೆಷಿನ್‌ನಲ್ಲಿ ಅದು ಕಪ್ಪಗೆ ಕಾಣುವುದರಿಂದ ಕೋಶ ಎಲ್ಲಿ ನಿಂತಿದೆ ಎಂದು ಗೊತ್ತಾಗುತ್ತದೆ. ವಾಸಿಯಾಗುತ್ತದೆ ಎಂಬ ಭರವಸೆ ಕೊಡಲಾರೆ ಎಂದು ಅವರು ಮೊದಲೇ ಹೇಳಿದ್ದರು. ನಾವು ಒಪ್ಪಿಕೊಂಡೇ ಸೇರಿದ್ದೆವು. ಕೋಶ ಬಿಟ್ಟ ಮೇಲೆ ಆವತ್ತಿನದೇ ಮೊದಲ ಸ್ಕ್ಯಾನ್. ಅವು ನಿಂತಿವೆಯೋ ಇಲ್ಲವೋ ತಿಳಿಯಬೇಕಿತ್ತು.

ನಮ್ಮ ಮನೆಯವರದು ಹೊಸೂರಿನ ಫ್ಯಾಕ್ಟರಿಯಲ್ಲಿ ಗ್ರೈಂಡಿಂಗ್ ಕೆಲಸ. ಕಬ್ಬಿಣದ ಚೂರು ಏನಾದರೂ ಕಣ್ಣಲ್ಲಿ ಉಳಿದಿದ್ದರೆ ಎಂದು ಈ ಸಲವೂ ಮೊದಲು ಕಣ್ಣಿನ ಎಕ್ಸ್‌ರೇ ತೆಗೆದರು. ಏನೂ ಇರಲಿಲ್ಲ. ಬೆಲ್ಟು, ಉಂಗುರ, ಉಡದಾರ ಎಲ್ಲ ನನ್ನ ಕೈಗೆ ಬಂತು. ಆಸ್ಪತ್ರೆಯ ಅಂಗಿ ಹಾಕಿಕೊಂಡು ಸ್ಕ್ಯಾನ್ ಕೋಣೆಯ ಬಾಗಿಲವರೆಗೂ ಹೋದವರು ಅಲ್ಲೇ ನಿಂತುಬಿಟ್ಟರು.

"ಲೇ, ನಾ ಒಳಕ್ಕೆ ಹೋಗಲ್ಲ ಕಣೆ," ಅಂದರು. "ಗ್ರೈಂಡಿಂಗ್ ಟೇಬಲ್ಲಿನ ಮ್ಯಾಗ್ನೆಟ್ ಆನ್ ಮಾಡಿದ್ರೆ ಕಬ್ಬಿಣದ ಪುಡಿ ಹೆಂಗೆ ಎದ್ದು ಅಂಟ್ಕತದೆ ಅಂತ ದಿನಾ ನೋಡಿವ್ನಿ. ಇದು ಅದರಪ್ಪ. ಎದೆಯಾಗೆ ಬಿಟ್ಟಿರೋದೂ ಕಬ್ಬಿಣನೇ ಅಲ್ವಾ? ಕಿತ್ಕಂಡು ಬಂದ್ಬುಟ್ರೆ?"

ಕಪಾಟಿನ ಬಾಗಿಲಿನ ಮ್ಯಾಗ್ನೆಟ್ಟನ್ನು ಇವರು ಯಾಕೆ ಬಿಚ್ಚಿದ್ದರು ಎಂದು ನನಗೆ ಆಗ ತಿಳಿಯಿತು. ಕಪಾಟಿನೊಳಗಿನ ಉಪ್ಪಿನ ಡಬ್ಬಿಗೂ ನನಗೂ ನಡುವೆ ಇಷ್ಟು ದಿನ ಆ ದಾರ ಇದ್ದದ್ದು ಇದಕ್ಕೆ.

ಡಾಕ್ಟರಮ್ಮ ನಗಲಿಲ್ಲ. ಪುಡಿ ಬಿಡಿಯಾಗಿರುತ್ತದೆ, ಇದು ಕೋಶದೊಳಗೆ ಕೂತಿದೆ, ಅದನ್ನು ಎಳೆದು ತರುವಷ್ಟು ಕಬ್ಬಿಣವೇ ಅಲ್ಲಿಲ್ಲ ಎಂದು ಬಿಡಿಸಿ ಹೇಳಿದರು. ಆಮೇಲೆ, "ನಿಮ್ಮ ರಕ್ತದಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಕಬ್ಬಿಣ ಇದೆ. ಕೋಶ ಬಿಡೋ ಮುಂಚೆ ಇದೇ ಮೆಷಿನ್‌ನಲ್ಲಿ ಮಲಗಿದ್ರಲ್ಲ, ಏನಾಯ್ತು?" ಎಂದು ಕೇಳಿದರು.

ನಮ್ಮ ಮನೆಯವರು ಎದೆ ಮುಟ್ಟಿ ನೋಡಿಕೊಂಡರು.

"ನಾನು ತಿನ್ನಿಸಿದ ನುಗ್ಗೆಸೊಪ್ಪೆಲ್ಲ ಮೆಷಿನ್‌ಗೆ ಅಂಟ್ಕಂಡಿತ್ತಾ, ನೋಡ್ಕಂಡು ಬನ್ನಿ," ಅಂದೆ.

"ನಿಂಗೆ ಎಲ್ಲಾದಕ್ಕೂ ಸೊಪ್ಪೇ," ಎಂದು ಗೊಣಗಿಕೊಂಡೇ ಒಳಗೆ ಹೋದರು.

ಹೊರಗೆ ಬೆಂಚಿನ ಮೇಲೆ ಅವರ ಉಡದಾರವನ್ನು ಬೆರಳಿಗೆ ಸುತ್ತಿಕೊಂಡು ಕೂತೆ. ಒಳಗಿನ ಸದ್ದು ತಗಡಿನ ಶೆಡ್ಡಿನ ಮೇಲೆ ಯಾರೋ ಸುತ್ತಿಗೆ ಬಡಿದ ಹಾಗಿತ್ತು.

ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಇಬ್ಬರನ್ನೂ ಕರೆದು ತೆರೆಯ ಮೇಲೆ ತೋರಿಸಿದರು. ಬೂದು ಬಣ್ಣದ ಹೃದಯ ಮುದುಡಿ ಅರಳುತ್ತಿತ್ತು. ಅದರ ಗೋಡೆಯಲ್ಲಿ, ತಳ ಹಿಡಿದ ಪಾತ್ರೆಯ ಗುರುತಿನಂತೆ, ಒಂದು ಕಪ್ಪು ಮಚ್ಚೆ. ಬಿಟ್ಟ ಜಾಗದಲ್ಲೇ ಇದೆ ಅಂದರು. ಕೋಶ ಸತ್ತರೂ ಕಬ್ಬಿಣ ಸ್ವಲ್ಪ ದಿನ ಉಳಿಯಬಹುದು, ಹಾಗಾಗಿ ಮಚ್ಚೆಯೊಂದನ್ನೇ ನಂಬಬಾರದು ಎಂದೂ ಹೇಳಿದರು. ಆದರೆ ಮೊದಲು ಅಲ್ಲಾಡದೆ ಇದ್ದ ಆ ಗೋಡೆ ಈಗ ತುಸು ಅಲ್ಲಾಡುತ್ತಿತ್ತು. ಕೋಶದಿಂದಲೋ ಮಾತ್ರೆಯಿಂದಲೋ ಈಗಲೇ ಹೇಳಲಾಗದು ಎಂದರು. ನಮಗೆ ಅಷ್ಟು ಸಾಕಾಗಿತ್ತು. ನಮ್ಮ ಮನೆಯವರು ಆ ಮಚ್ಚೆಯನ್ನು, ತಾವೇ ಉಜ್ಜಿ ಹೊಳಪು ತಂದ ಪಾರ್ಟನ್ನು ನೋಡುವ ಹಾಗೆ, ತಲೆ ವಾಲಿಸಿ ನೋಡಿದರು.

ಮನೆಗೆ ಬಂದು ಕೈಕಾಲು ತೊಳೆದವರೇ ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಗೆ ಬಂದರು. ದಾರ ಬಿಚ್ಚಿ ಮ್ಯಾಗ್ನೆಟ್ಟನ್ನು ಮೊದಲಿನ ಜಾಗಕ್ಕೇ ಕೂರಿಸಿದರು. ಬಾಗಿಲು ಟಕ್ಕೆಂದು ಮುಚ್ಚಿಕೊಂಡಿತು.

"ಹಳೇದಾಗಿತ್ತಲ್ಲ?" ಅಂದೆ.

"ಇನ್ನೊಂದಷ್ಟು ದಿನ ಬತ್ತದೆ ಬುಡು," ಅಂದರು.

ರಾತ್ರಿಗೆ ಮುದ್ದೆ, ಉಪ್ಪು ಕಡಿಮೆ ಹಾಕಿದ ನುಗ್ಗೆಸೊಪ್ಪಿನ ಸಾರು, ಮಜ್ಜಿಗೆ. ಅವರು ಸೊಪ್ಪನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಮೊದಲು ಮಲಗುವುದು ಅತ್ತೆ. ಆವತ್ತು ಮಾತ್ರ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಇನ್ನೂ ಏನೋ ಕೇಳುತ್ತಿದ್ದ ಹಾಗೇ, ನಮ್ಮ ಮನೆಯವರು ಚಾಪೆಯ ಮೇಲೆ ನಿದ್ದೆ ಹೋಗಿದ್ದರು.