ಅತ್ತಿಗೆ ಕಟ್ಟಿದ ಟ್ರೇಲರ್

ನನ್ನ ಅತ್ತಿಗೆಯ ಬಾಯಿ ದೊಡ್ಡದು, ಕೆಲಸ ಅದಕ್ಕಿಂತ ದೊಡ್ಡದು. ಅಣ್ಣನ ಸೊಂಟ ಕೈಕೊಟ್ಟ ಮೇಲೆ ದಾವಣಗೆರೆಯ ಕರೂರಿನಲ್ಲಿದ್ದ ನಮ್ಮ ವೆಲ್ಡಿಂಗ್ ಶೆಡ್ಡನ್ನು ಅವರೇ ಹಿಡಿದರು. ಅವ್ವನಿಗೆ ಅದು ಸುತರಾಂ ಒಪ್ಪಿಗೆಯಿರಲಿಲ್ಲ. "ಸೊಸಿ ಕಿಡಿ ಹಾರಿಸ್ಕೊಂತ ಕುಂತ್ರೆ ಆ ಶೆಡ್ಡಿಗೆ ನಾ ಕಾಲಿಡಂಗಿಲ್ಲ" ಎಂದು ವಿನೋಬನಗರದ ನಮ್ಮ ಓಣಿಗೆಲ್ಲ ಕೇಳುವಂತೆ ಸಾರಿದ್ದಳು. ವರ್ಷ ಕಳೆದರೂ ಕಾಲಿಟ್ಟಿರಲಿಲ್ಲ.

ಅತ್ತಿಗೆ ಒಬ್ಬರೇ ನಿಂತು ಕಟ್ಟಿದ ಮೊದಲ ದೊಡ್ಡ ಕೆಲಸವೆಂದರೆ ಒಂದು ಬೋಟಿನ ಟ್ರೇಲರ್. ಹರಿಹರದ ಮೀನುಗಾರರೊಬ್ಬರು ಹೊಳೆಗೂ ಕೆರೆಗೂ ಬೋಟು ಒಯ್ಯಲು ಮಾಡಿಸಿದ್ದು. ಹೊಳೆದಂಡೆಯ ಇಳಿಜಾರಿನಲ್ಲಿ ನಿಲ್ಲಬೇಕಲ್ಲ, ಅದಕ್ಕೇ ಟ್ರೇಲರಿಗೂ ಬ್ರೇಕ್ ಕೂಡಿಸಿದ್ದರು. ಪಿಕಪ್ಪಿನ ಪೆಡಲ್ ಒತ್ತಿದರೆ ವೈರಿನಲ್ಲಿ ಕರೆಂಟ್ ಹೋಗಿ ಟ್ರೇಲರಿನ ಗಾಲಿಯೂ ಹಿಡಿಯಬೇಕು. "ನಿಂತ್ರೆ ತಗೊಂತೀನಿ, ಜಾರಿದ್ರೆ ವಾಪಸ್" ಎಂದು ಮೀನುಗಾರರು ಮೊದಲೇ ಹೇಳಿದ್ದರು. ವಾಪಸ್ ಬಂದರೆ ಅವ್ವನ ಮಾತೇ ಗೆದ್ದಂತೆ. ಶೆಡ್ಡಿಗೆ ಬೀಗ ಬೀಳುವುದೂ ಖಂಡಿತ.

ಕೊಡುವ ದಿನ ಬೆಳಿಗ್ಗೆ ಬೋಟು ಹೇರಿಕೊಂಡು ಹೊರಟೆವು. ಪಿಕಪ್ ಓಡಿಸುತ್ತಿದ್ದವನು ನಾನು. ಹರಿಹರ ಹತ್ತಿರವಾಗುವಾಗ ಒಂದು ಹಂಪ್ ಬಂತೆಂದು ಬ್ರೇಕ್ ಒತ್ತಿದೆ. ಟ್ರೇಲರ್ ನಿಲ್ಲುವ ಬದಲು ಹಿಂದಿನಿಂದ ದಬ್ಬಿತು. ಗಾಡಿ ಬದಿಗೆ ಹಚ್ಚಿದೆ.

"ನಿನ್ನೆ ಸಂಜೆ ಹಿಡಿದಿತ್ತಲ್ರೀ ಅತ್ತಿಗಿ?"

"ಅಳಬ್ಯಾಡ, ಪೆಡಲ್ ಒತ್ತು. ಇಂಥಾ ಬ್ರೇಕ್ ಕಟ್ಟೋರು ದಾವಣಗೆರ್ಯಾಗ ಇನ್ನೊಬ್ರಿದ್ರೆ ತೋರ್ಸು ನೋಡನ" ಎನ್ನುತ್ತಲೇ ಸೆರಗು ಸಿಕ್ಕಿಸಿ ಕೆಳಗೆ ತೂರಿದರು.

ನಾನು ಒತ್ತಿದಾಗ ಟ್ರೇಲರಿನ ಲೈಟುಗಳೂ ಮಂಕಾಗುತ್ತಿದ್ದವಂತೆ. ಅಷ್ಟೇ ಸಾಕಾಯಿತು ಅವರಿಗೆ. ಉದ್ದನೆಯ ವೈರು ತೆಗೆದು, ಒಂದು ತುದಿ ಪಿಕಪ್ಪಿನ ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದು ತುದಿ ಟ್ರೇಲರಿನ ಕಬ್ಬಿಣಕ್ಕೂ ಹಿಡಿದು "ಈಗ ಒತ್ತು" ಎಂದರು. ಗಾಲಿ ಟಕ್ಕನೆ ಹಿಡಿಯಿತು.

"ಬ್ರೇಕ್ ಸರಿ ಐತೆ. ಕರೆಂಟ್ ವಾಪಸ್ ಬರೋ ಅರ್ಥಿಂಗ್ ನಡುವೆ ಎಲ್ಲೋ ತಪ್ಪೈತೆ."

ನಡುವೆ ಇದ್ದದ್ದು ಎರಡೂ ಗಾಡಿಗಳ ವೈರು ಸೇರುವ ಪ್ಲಗ್. ಎಳೆದು ನೋಡಿದರೆ ಒಳಗೆಲ್ಲ ವಿಭೂತಿ, ಕುಂಕುಮ. ಪಿನ್ನು ಪಿನ್ನಿಗೂ ಬೊಟ್ಟು! ಅರ್ಥಿಂಗ್ ಪಿನ್ನಂತೂ ಪೂರ್ತಿ ಮೆತ್ತಿಹೋಗಿತ್ತು. ಬಗ್ಗಿ ಹುಡುಕಿದೆವು. ಅಚ್ಚಿಗೆ, ಗಾಲಿಗಳ ಒಳಮೈಗೆ, ಯಾರ ಕಣ್ಣಿಗೂ ಬೀಳದ ಕಡೆಯೆಲ್ಲ ವಿಭೂತಿಯ ಮೂರು ಗೀಟು. ಮೂರನೆಯದು ಪ್ರತಿ ಸಲವೂ ಗಿಡ್ಡ. ನಮ್ಮ ಮನೆಯಲ್ಲಿ ಉಂಗುರಬೆರಳು ಸೊಟ್ಟಗಿರುವುದು ಅವ್ವನಿಗೊಬ್ಬಳಿಗೇ. ಶೆಡ್ಡಿನ ಕೀಲಿ ನೇತಾಡುವುದೂ ದೇವರ ಮನೆಯ ಪಕ್ಕದ ಮೊಳೆಗೆ.

ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ನಗಲಿಲ್ಲ, ಬೈಯಲೂ ಇಲ್ಲ. ಆ ಗಿಡ್ಡ ಗೀಟುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಉಪ್ಪುಕಾಗದ ತಗೊಂಡು ಪಿನ್ನುಗಳನ್ನು ಮಾತ್ರ ಫಳಫಳ ಉಜ್ಜಿದರು. ಗೀಟುಗಳನ್ನು ಮುಟ್ಟಲಿಲ್ಲ.

ಹೊಳೆದಂಡೆಯ ಇಳಿಜಾರಿನಲ್ಲಿ ಟ್ರೇಲರ್ ಕದಲಲಿಲ್ಲ. ಮೀನುಗಾರರು ಹಿಂದಿನಿಂದ ಜಗ್ಗಿ, ಮುಂದಿನಿಂದ ನೂಕಿ, "ಗಟ್ಟಿ ಐತ್ರೀ ಅಕ್ಕಾರ" ಎಂದರು. ಅತ್ತಿಗೆ ಅಲ್ಲಿಂದಲೇ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಅತ್ತೀ, ಬ್ರೇಕ್ ಹಿಡೀತ್ರಿ."

"ಹಿಡೀದೆ ಏನು? ಒಂದು ಕಡೀನೂ ಬಿಡದಂಗೆ ಹಚ್ಚೀನಿ" ಎಂದಳು ಅವ್ವ, ಗತ್ತಿನಿಂದ.

ಅತ್ತಿಗೆ ಹೊಳೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

"ಹೌದ್ರೀ ಅತ್ತಿ, ಅದಕ್ಕೇ ಹಿಡೀತು."