ಇಪ್ಪತ್ತು ಲೀಟರಿನ ಜೊತೆ

ಪಾವಗಡಕ್ಕೆ ಬಂದ ಮೂರನೆಯ ದಿನವೇ ನಾನು ಊರವರ ಎದುರಿಗೆ ಹತ್ತು ಲೀಟರು ಕುಡಿಯುವ ನೀರನ್ನು ರಸ್ತೆಗೆ ಚೆಲ್ಲಿದೆ. ಬೇಕೆಂದು ಚೆಲ್ಲಿದ್ದಲ್ಲ. ನಮ್ಮ ಬೀದಿಯ ಶುದ್ಧ ನೀರಿನ ಘಟಕಕ್ಕೆ ಇಲ್ಲಿಯವರು ಫಿಲ್ಟರು ಎನ್ನುತ್ತಾರೆ. ಬೆಳಗ್ಗೆ ಅಲ್ಲಿಗೆ ಹೋಗಿ ನಾಣ್ಯ ಹಾಕಿದೆ, ಕೊಳವೆಯಿಂದ ನೀರು ಬಂತು, ನನ್ನ ಹತ್ತು ಲೀಟರಿನ ಕ್ಯಾನು ತುಂಬಿತು, ನೀರು ಮಾತ್ರ ನಿಲ್ಲಲಿಲ್ಲ. ನಿಲ್ಲಿಸುವ ಬಟನ್ನಿಗಾಗಿ ಯಂತ್ರದ ಮುಂದೆ, ಪಕ್ಕದಲ್ಲಿ, ಕೊನೆಗೆ ಬಗ್ಗಿ ಕೆಳಗೂ ಹುಡುಕಿದೆ. ಅಂಥದ್ದೊಂದು ಇರಲೇ ಇಲ್ಲ. ಒಂದು ನಾಣ್ಯಕ್ಕೆ ಇಪ್ಪತ್ತು ಲೀಟರು ಎಂದು ಅದಕ್ಕೆ ಹೇಳಿಕೊಟ್ಟಿದ್ದಾರೆ. ಅಷ್ಟನ್ನೂ ಸುರಿದೇ ಅದು ಸುಮ್ಮನಾಯಿತು. ಸಾಲಿನಲ್ಲಿ ನಿಂತಿದ್ದ ಹೆಂಗಸರು ಯಾರೂ ಬೈಯಲಿಲ್ಲ. ಹರಿದು ಹೋಗುತ್ತಿದ್ದ ನೀರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕುಂದಾಪುರದ ಕಡೆಯ ನಿಮಗೆ ಇದು ಅಷ್ಟು ದೊಡ್ಡ ಅಪರಾಧ ಅನ್ನಿಸಲಿಕ್ಕಿಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ನೀರು ಕರೆಯದೆಯೇ ಮನೆಯೊಳಗೆ ಬರುತ್ತದೆ. ಇಲ್ಲಿ ಬೋರಿನ ನೀರು ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ, ಹಾಗಾಗಿ ಕುಡಿಯಲು, ಅಡುಗೆಗೆ ಫಿಲ್ಟರೇ ಗತಿ. ರಾಯಚರ್ಲಿನ ಕಡೆ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕಗಳಿವೆ. ಅವುಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ನುಗಳಲ್ಲಿ ನಾನೂ ಒಬ್ಬ. ಹೆಂಡತಿ ಶೈಲಜಾ ಅಲ್ಲಿ ನಮ್ಮೂರಲ್ಲೇ ಶಾಲೆಯ ಟೀಚರು. ನನಗೆ ನಲವತ್ತೆರಡು ವರ್ಷ, ಸೊಂಟದ ತೊಂದರೆ, ಹತ್ತು ಕಿಲೋಗಿಂತ ಹೆಚ್ಚು ಎತ್ತಬಾರದೆಂದು ಡಾಕ್ಟರ ಅಪ್ಪಣೆ. ಅದಕ್ಕೇ ಆ ಸಣ್ಣ ಕ್ಯಾನು.

ವಸ್ತುಗಳನ್ನು ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಫ್ಯಾನಿಗೆ ರಿಮೋಟು ಯಾಕೆ ಬೇಕು? ಅದು ಕಳೆದುಹೋದ ದಿನ ಸೆಕೆಯಲ್ಲಿ ಬೆವರು ಸುರಿಸುತ್ತಾ ಹಾಸಿಗೆಯನ್ನೆಲ್ಲ ಕೊಡವಬೇಕು. ನನ್ನ ಫೋನು ಊರಲ್ಲಿ ಬೆವರಿದ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಇಲ್ಲಿ ಬಂದ ಮೇಲೆ ಒಣಗಿದ ಹೆಬ್ಬೆರಳನ್ನೂ ಒಪ್ಪುವುದಿಲ್ಲ. ಹಾಗಾದರೆ ಯಾವ ಸೀಮೆಯ ಬೆರಳಿಗಾಗಿ ಅದನ್ನು ಮಾಡಿದರೋ ನನಗಂತೂ ತಿಳಿಯದು. ಊರಿನಿಂದ ಲಾರಿಯಲ್ಲಿ ತಂದ ವಾಷಿಂಗ್ ಮಷೀನಂತೂ ಇಲ್ಲಿ ಕೆಲಸಕ್ಕೇ ಇಳಿಯಲಿಲ್ಲ. ನಲ್ಲಿಯಲ್ಲಿ ನೀರಿಲ್ಲವೆಂದು ಕುಂಯ್ ಕುಂಯ್ ಎಂದು ಅಳುತ್ತ ನಿಂತಿತು. ನಾನು ಕೈಪಿಡಿ ಬಿಡಿಸಿಕೊಂಡು ಕೂತೆ. ಮನೆಯ ಮಾಲೀಕರ ಸೊಸೆ ಬಂದು ನೋಡಿ, ತೊಟ್ಟಿಯಿಂದ ನಾಲ್ಕು ಬಕೀಟು ತಂದು ಅದರ ಹೊಟ್ಟೆಗೆ ಸುರಿದರು. ನೀರು ಎಲ್ಲಿಂದ ಬಂತೆಂದು ಅದು ಕೇಳಲಿಲ್ಲ. ತಿರುಗಲು ಶುರು ಮಾಡಿತು.

ಫಿಲ್ಟರಿಗೂ ಹೀಗೊಂದು ಉಪಾಯವಿತ್ತು, ನನಗೆ ತಿಳಿದಿರಲಿಲ್ಲ ಅಷ್ಟೆ. ಇಪ್ಪತ್ತು ಲೀಟರು ಹೊರಲಾರದವರು ಅಲ್ಲಿ ಜೊತೆ ಮಾಡಿಕೊಂಡು ಬರುತ್ತಾರೆ. ಒಂದು ದಿನ ಇವರ ನಾಣ್ಯ, ಮರುದಿನ ಅವರದು. ಮೊದಲ ಕ್ಯಾನು ತುಂಬುವಷ್ಟರಲ್ಲಿ ಎರಡನೆಯದನ್ನು ಕೊಳವೆಯ ಕೆಳಗೆ ತಳ್ಳುತ್ತಾರೆ. ಒಂದು ಹನಿಯೂ ನೆಲಕ್ಕೆ ಬೀಳುವುದಿಲ್ಲ. ಜೊತೆಯವರು ಬರುವುದು ತಡವಾದರೆ ಕಾಯಬೇಕು, ಬೇರೆಯವರೊಡನೆ ಹಿಡಿದುಕೊಂಡು ಹೋಗುವಂತಿಲ್ಲ. ಇಷ್ಟೆಲ್ಲ ತಿಳಿದ ಮೇಲೆ ನನಗೂ ಒಂದು ಜೊತೆ ಬೇಕೆನ್ನಿಸಿತು. ಆದರೆ ಮೂರನೆಯ ದಿನವೇ ನೀರು ಚೆಲ್ಲಿದ ಗಂಡಸಿನ ಜೊತೆ ಯಾರು ನಿಲ್ಲುತ್ತಾರೆ? ಮುಂದಿನ ಎರಡು ವಾರ ನಾನು ಕ್ಯಾನಿನ ಜೊತೆಗೆ ಒಂದು ಬಕೀಟು, ಒಂದು ಚೊಂಬು, ಪ್ರೆಶರ್ ಕುಕ್ಕರು ಹೊತ್ತು, ಪಾತ್ರೆ ಮಾರುವವನ ಹಾಗೆ ಸಾಲಿನಲ್ಲಿ ನಿಂತೆ. ಒಂದೇ ಸಲಕ್ಕೆ ಹೊರಲಾಗದೆ ಎರಡು ಸಲ ಮನೆಗೆ ನಡೆಯುತ್ತಿದ್ದೆ. ದಿನವೆಲ್ಲ ಸಹೋದ್ಯೋಗಿಗಳ ನಡುವೆ ಇದ್ದರೂ, ಈ ಊರಲ್ಲಿ ನಾನು ಒಬ್ಬನೇ ಎಂಬುದು ಗಟ್ಟಿಯಾಗಿ ತಟ್ಟುತ್ತಿದ್ದದ್ದು ಅಲ್ಲೇ.

ಕೊನೆಗೆ ಕರುಣೆ ತೋರಿದವರು ನರಸಮ್ಮ. ಅರವತ್ತು ದಾಟಿದ ಹೆಂಗಸು, ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸ, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಅವರ ಮಂಡಿಗೂ ಹತ್ತೇ ಲೀಟರಿನ ಶಕ್ತಿ. ಅವರ ಜೊತೆಗಿದ್ದವರು ಮಗಳ ಮನೆ ಸೇರಲು ಹಿಂದೂಪುರಕ್ಕೆ ಹೊರಟುಹೋಗಿದ್ದರು.

"ಅಬ್ಬಾಯಿ, ಆ ಕುಕ್ಕರ್ನ ಮನೇಲಿ ಬುಟ್ಟು ಬಾ ನಾಳಿಂದ. ನಂದರ್ಧ, ನಿಂದರ್ಧ" ಎಂದರು.

ಅಬ್ಬಾಯಿ ಎಂದರೆ ತೆಲುಗಿನಲ್ಲಿ ಹುಡುಗ. ತಲೆ ಅರ್ಧ ನೆರೆತವನನ್ನು ಹುಡುಗ ಎಂದಾಗ ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಮರುದಿನ ಹೇಳಿದ್ದಕ್ಕಿಂತ ಕಾಲು ಗಂಟೆ ಮುಂಚೆಯೇ ಹೋಗಿ ನಿಂತೆ.

ಆಮೇಲೆ ನನ್ನ ಪಾವಗಡ ಬೇರೆಯೇ ಆಯಿತು. ಯಾವ ಅಂಗಡಿಯ ಕಡ್ಲೆಕಾಯಿ ಒಳ್ಳೆಯದು, ಮಧುಗಿರಿ ಬಸ್ಸಿನಲ್ಲಿ ಯಾವ ಕಡೆ ಕೂತರೆ ಬಿಸಿಲು ಬೀಳದು, ಇವೆಲ್ಲ ನನಗೆ ಗೊತ್ತಾದದ್ದು ಸಾಲಿನಲ್ಲಿ. ಪರ್ವಾಲೇದು ಎಂಬ ತೆಲುಗು ಮಾತು ಕಲಿತೆ. ನಮ್ಮ 'ಅಡ್ಡಿ ಇಲ್ಲ' ಇದ್ದ ಹಾಗೆ, ಎಲ್ಲ ಕಷ್ಟಕ್ಕೂ ಹಚ್ಚಬಹುದು. ಒಂದು ಭಾನುವಾರ ನರಸಮ್ಮ ಮನೆಗೆ ಕರೆದು ಮುದ್ದೆ, ಹುರುಳಿ ಸಾರು ಬಡಿಸಿದರು. ಕುಚ್ಚಲಕ್ಕಿ ಗಂಜಿ ಉಂಡು ಬೆಳೆದ ನಾನು ಮುದ್ದೆಯನ್ನು ಶ್ರದ್ಧೆಯಿಂದ ಅಗಿಯುತ್ತಿದ್ದೆ, ಅದು ಅಷ್ಟೇ ಶ್ರದ್ಧೆಯಿಂದ ಹಲ್ಲಿಗೆ ಅಂಟುತ್ತಿತ್ತು. ನುಂಗಬೇಕು ಎಂದು ಅವರು ಮೂರು ಸಲ ಹೇಳಿಕೊಟ್ಟರು, ಆಮೇಲೆ ನಗು ತಡೆಯಲಾರದೆ ಒಳಗೆ ಹೋದರು. ಒಂದು ಬೆಳಗ್ಗೆ ನಾನು ನಿದ್ದೆ ಮಾಡಿಬಿಟ್ಟು ಎದ್ದುಬಿದ್ದು ಓಡಿದರೆ, ಅವರು ಅರ್ಧ ಗಂಟೆಯಿಂದ ಬಿಸಿಲಲ್ಲಿ ನಿಂತು ಕಾಯುತ್ತಿದ್ದರು. ಅವತ್ತು ಚೆನ್ನಾಗಿ ಬೈಸಿಕೊಂಡೆ. ನನ್ನ ಮನಸ್ಸಿಗೂ ಹಿಡಿಸಲಿಲ್ಲ. ಮಂಡಿ ನೋವಿನ ಹೆಂಗಸನ್ನು ಹಾಗೆ ನಿಲ್ಲಿಸಬಾರದಿತ್ತು.

ಇಲ್ಲಿಯೇ ನಾನು ಬುದ್ಧಿವಂತಿಕೆ ಮಾಡಿದೆ. ತಪ್ಪು ನನ್ನ ನಿದ್ದೆಯದು ಎಂದುಕೊಂಡಿದ್ದರೆ ಸರಿಯಿತ್ತು. ನಾನು ತಪ್ಪನ್ನು ಯಂತ್ರದ ಮೇಲೆ ಹಾಕಿದೆ. ಫಿಲ್ಟರು ನೋಡಿಕೊಳ್ಳುವವರಿಗೆ ಎರಡು ಪುಟದ ಅರ್ಜಿ ಬರೆದು, ನೀರು ನಿಲ್ಲಿಸುವ ಬಟನ್ನು ಎಲ್ಲಿ ಕೂರಬೇಕೆಂದು ಚಿತ್ರವನ್ನೂ ಬಿಡಿಸಿಕೊಟ್ಟೆ. ಸಾಲಿನಲ್ಲಿದ್ದವರೆಲ್ಲ ಸಹಿ ಹಾಕಿದರು. ನರಸಮ್ಮ ಹೆಬ್ಬೆಟ್ಟು ಒತ್ತಿದರು. ಕೆಲವು ತಿಂಗಳಾದ ಮೇಲೆ, ನಾನು ಆಸೆ ಬಿಟ್ಟಿದ್ದಾಗ, ಒಬ್ಬ ಮೆಕ್ಯಾನಿಕ್ ಬಂದು ಕೆಂಪು ಬಟನ್ನು ಕೂರಿಸಿಯೇಬಿಟ್ಟ. ಒತ್ತಿದರೆ ನೀರು ನಿಲ್ಲುತ್ತದೆ, ಉಳಿದದ್ದು ಮತ್ತೊಮ್ಮೆ ಒತ್ತಿದವರಿಗೆ ಬರುತ್ತದೆ. ಜೀವಮಾನವೆಲ್ಲ ವಸ್ತುಗಳನ್ನು ಬೈದುಕೊಂಡು ಬಂದವನಿಗೆ ಇದು ಮೊದಲ ಗೆಲುವು. ಶೈಲಜಾಗೆ ಫೋಟೋ ಕಳಿಸಿದೆ.

ಮರುದಿನ ನರಸಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರು ಬೆಳಕು ಹರಿಯುವ ಮೊದಲೇ ಬಂದು ತಮ್ಮ ಹತ್ತು ಲೀಟರು ಹಿಡಿದು ಹೋಗುತ್ತಾರೆಂದು ಪಕ್ಕದವರು ಹೇಳಿದರು. ನಾನು ಕ್ಯಾನು ಇಟ್ಟೆ, ನಾಣ್ಯ ಹಾಕಿದೆ, ತುಂಬಿತು, ಒತ್ತಿದೆ, ನಿಂತಿತು. ಎರಡು ನಿಮಿಷದ ಕೆಲಸ. ನಾನು ಯಾವ ರೀತಿ ಬೇಕೆಂದು ಚಿತ್ರ ಬಿಡಿಸಿದ್ದೆನೋ ಹಾಗೆಯೇ ನಡೆಯಿತು, ನನಗೆ ಅಳು ಬರುವಂತಾಯಿತು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ವಾರ ತಡೆದು ಅವರ ಮನೆಗೇ ಹೋದೆ. ಜಗಲಿಯ ಮೇಲೆ ಹುಣಸೆಹಣ್ಣು ಹರವಿಕೊಂಡು ಕೂತಿದ್ದರು. ಯಾಕೆ ಬರುವುದಿಲ್ಲ ಎಂದು ಕೇಳಿದೆ. ಕೈ ಕೆಲಸ ನಿಲ್ಲಿಸಲಿಲ್ಲ.

"ಅವತ್ತು ನಾನು ಬೈದೆ. ಆಮ್ಯಾಕೆ ನೀನು ಅರ್ಜಿ ಬರ್ದು ಬಟನ್ ಇಕ್ಕಿಸ್ದೆ. ಈ ಮುದ್ಕಿ ಜೊತೆ ಬ್ಯಾಸ್ರ ಆಗೈತೆ, ಬಾಯ್ಬುಟ್ಟು ಹೇಳಕ್ಕಾಗ್ದೆ ಇಂಗ್ ಮಾಡವ್ನೆ ಅನ್ಕಂಡೆ ಕಣಪ್ಪ."

ಅವರು ಹೆಬ್ಬೆಟ್ಟು ಒತ್ತುವಾಗಲೂ ಹಾಗೆಂದುಕೊಂಡೇ ಒತ್ತಿದ್ದರಂತೆ. ನನಗೆ ತಲೆ ತಗ್ಗಿತು. ನೀವು ಬಿಸಿಲಲ್ಲಿ ಕಾಯಬಾರದೆಂದು ಬರೆದದ್ದು ಎಂದೆ. ಅವರು ನಂಬಿದರೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಮಾತಿನಲ್ಲಿ ಸರಿಹೋಗುವ ವಿಷಯವಲ್ಲವೆಂದು ಎದ್ದು ಬಂದೆ.

ಮಾರನೆಯ ಬೆಳಗ್ಗೆ ಹಳೆಯ ಹೊತ್ತಿಗೆ ಹೋಗಿ ಫಿಲ್ಟರಿನ ಮುಂದೆ ನಿಂತೆ. ನನ್ನ ಸರದಿ ಬಂದಾಗ ಹಿಂದಿನವರನ್ನು ಮುಂದೆ ಬಿಟ್ಟೆ, ಮತ್ತೆ ಬಂದಾಗ ಮತ್ತೆ ಬಿಟ್ಟೆ. ಬಟನ್ ಹಾಕಿಸಿದವನೇ ನೀರು ಹಿಡಿಯದೆ ನಿಂತಿದ್ದಾನೆಂದು ಸಾಲಿನಲ್ಲಿ ನಗಾಡಿದರು. ಯಾರೋ ಒಬ್ಬರು ನರಸಮ್ಮನ ಮನೆಗೆ ಹೋಗಿ ಹೇಳಿರಬೇಕು. ಬಿಸಿಲು ಏರಿ ನನ್ನ ಸೊಂಟ ಹಿಡಿಯುವ ಹೊತ್ತಿಗೆ ಅವರು ಖಾಲಿ ಕ್ಯಾನು ಹಿಡಿದು ಕುಂಟುತ್ತ ಬಂದರು. ನಾನು ನಾಣ್ಯ ಹಾಕಿದೆ. ನನ್ನದು ತುಂಬುವಷ್ಟರಲ್ಲಿ ಅವರು ತಮ್ಮದನ್ನು ಕೊಳವೆಯ ಕೆಳಗೆ ತಳ್ಳಿದರು. ಬಟನ್ನಿನ ಕಡೆ ಯಾರೂ ಕೈ ಚಾಚಲಿಲ್ಲ.

ಈಗ ನನಗೆ ವರ್ಗಾವಣೆ ಆಗಿದೆ. ನಾನೇ ಕೇಳಿದ್ದು, ಶೈಲಜಾ ದಿನ ಎಣಿಸುತ್ತಿದ್ದಾಳೆ, ನನಗೂ ಮನೆಯ ಮೀನು ಸಾರು ಕನಸಿನಲ್ಲಿ ಬರುತ್ತದೆ. ನಿನ್ನೆ ಸಾಲಿನಲ್ಲಿ ನರಸಮ್ಮನಿಗೆ ಹೇಳಿದೆ. ಕ್ಯಾನನ್ನು ಒಂದು ಹೆಜ್ಜೆ ಮುಂದೆ ಸರಿಸಿ ಕೇಳಿದರು:

"ನಿಮ್ಮೂರಾಗೆ ನೀರಿಗೆ ನಿನ್ ಜೊತೆ ಯಾರು?"

ಮನೆಗೊಂದು ಬಾವಿ ಇದೆ, ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಬೇಕಾದಾಗ ಒಬ್ಬನೇ ಹೋಗಿ ಬೇಕಾದಷ್ಟು ಸೇದಿಕೊಳ್ಳಬಹುದು ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ.

"ಅಯ್ಯೋ ಪಾಪ, ಒಬ್ನೇನಾ" ಎಂದರು.

ಜೂನಿನಲ್ಲಿ ಊರಿಗೆ ಬರುತ್ತೇನೆ. ಬಾವಿಕಟ್ಟೆಯ ಹತ್ತಿರ ಕೊಡ ಹಿಡಿದು ಸುಮ್ಮನೆ ನಿಂತಿದ್ದರೆ ಮಾತಾಡಿಸಬೇಡಿ. ಜೊತೆಗೆ ಯಾರಾದರೂ ಬರುತ್ತಾರೋ ಎಂದು ಸ್ವಲ್ಪ ಕಾದು, ಆಮೇಲೆ ಸೇದುತ್ತೇನೆ.